ಸೋಮವಾರದ ನೊಗ

ಪರದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನು ಬಹಳ ಆಸೆಯಿಂದ ಓದುತ್ತೇನೆ. ಹಡಗು, ಹಿಮ, ಊಟಕ್ಕೆ ಕೈ ಮುಟ್ಟಿಸದ ಜನ, ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಜನ. ನನಗೆ ಆ ಭಾಗ್ಯ ಬರಲಿಲ್ಲ. ನಾನು ಕಂಡ ಪರದೇಶ ಸೋಲಾಪುರದಿಂದ ಒಂದು ಹಗಲಿನ ದಾರಿ. ಅಕ್ಕಲಕೋಟೆಯ ಸಂಸ್ಥಾನ ದಾಟಿದರೆ ನಿಜಾಮನ ಸೀಮೆ. ಅಲ್ಲಿ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಗಡಿಯಲ್ಲಿ ನಿಲ್ಲಿಸಿ ಕೇಳುವ ನಾಕೆ ಬೇರೆ. ನಮ್ಮ ಹೈಸ್ಕೂಲಿನ ಮಾಸ್ತರರ ಕೋಣೆಯಲ್ಲಿ ಆ ಸೀಮೆಯ ಮಾತು ಬಂದರೆ ಎಲ್ಲರೂ ಸ್ವಲ್ಪ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಭೂಗೋಳ ಕಲಿಸುವ ನಾನು.

ನನ್ನ ತಂಗಿ ನೀಲವ್ವನನ್ನು ಜೇವರ್ಗಿಗೆ ಕೊಟ್ಟಿದ್ದೆವು. ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಕೂಸಿಗೆ ಐದು ತಿಂಗಳು ತುಂಬಿದಾಗ ಅವಳ ಗಂಡ ಮಲ್ಲಣ್ಣನ ಕಾಗದ ಬಂತು. ಅವ್ವನ ಜೀವ ಇವತ್ತೋ ನಾಳೆಯೋ ಅನ್ನುವಂತಿದೆ, ಮೊಮ್ಮಗಳ ಮುಖ ಒಂದು ಸಲ ನೋಡಿಯೇ ಕಣ್ಣು ಮುಚ್ಚುತ್ತೇನೆ ಅನ್ನುತ್ತಾಳೆ, ಕೂಡಲೇ ಕರೆದುಕೊಂಡು ಬಾ ಎಂದು ಬರೆದಿದ್ದ. ನೀಲವ್ವನಿಗೆ ಅತ್ತೆಯ ಮೇಲೆ ಬಹಳ ಜೀವ. ಕಾಗದ ಓದಿ ಮುಗಿಸುವ ಹೊತ್ತಿಗೆ ಅವಳು ಗಂಟು ಕಟ್ಟಿಯಾಗಿತ್ತು.

ಸೋಲಾಪುರದಲ್ಲಿ ರೈಲು ಹತ್ತಿದರೆ ಗುಲಬರ್ಗಾ, ಅಲ್ಲಿಂದ ಮೋಟಾರು ಸರ್ವಿಸಿನಲ್ಲಿ ಜೇವರ್ಗಿ. ಇದು ಚಿಕ್ಕ ಹುಡುಗನಿಗೂ ಗೊತ್ತಿರುವ ದಾರಿ. ಆದರೆ ನಾನು ಒಬ್ಬ ವಕೀಲರ ಮಗನಿಗೆ ಮನೆಪಾಠ ಹೇಳುತ್ತಿದ್ದೆ. ಅವರಿಗೊಂದು ಮೋಟಾರು ಇತ್ತು. ನಾಲ್ಕು ದಿನದ ಮಟ್ಟಿಗೆ, ಡ್ರೈವರ್ ಕಾಸೀಮನ ಸಮೇತ, ಅದನ್ನು ಕೇಳಿ ಇಸಿದುಕೊಂಡೆ. ಬೀಗರ ಬಾಗಿಲಿಗೆ ಮೋಟಾರಿನಲ್ಲಿ ಹೋಗಿ ಇಳಿಯಬೇಕು ಎಂಬ ಹುಚ್ಚು ನನಗೆ. ತಂಗಿಯ ಮುಂದೆ ಮಾತ್ರ, ಕೂಸಿಗೆ ರೈಲಿನ ಹೊಗೆ ಆಗುವುದಿಲ್ಲ ಎಂದು ಹೇಳಿದೆ.

ಆಳಂದ, ರವಿವಾರ

ಗಡಿಯ ನಾಕೆಯಲ್ಲಿ ನಮ್ಮನ್ನು ನಿಲ್ಲಿಸಿದರು. ಅಲ್ಲಿದ್ದವನು ಬಿಳಿ ಗಡ್ಡದ, ಕೆಂಪು ಟೋಪಿಯ ಮನುಷ್ಯ. ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ ಗೋಳುಹೊಯ್ದುಕೊಳ್ಳುತ್ತಾನೆ ಎಂದುಕೊಂಡು ನಾನು ಮೊದಲೇ ಮುಖ ಗಂಟು ಹಾಕಿಕೊಂಡು ಇಳಿದೆ. ಆತ ಪೆಟ್ಟಿಗೆಗಳ ಕಡೆ ನೋಡಲೂ ಇಲ್ಲ.

"ಕೂಸ ಯಾಕ ಅಳಾಕತ್ತದ್ರಿ? ಬಿಸಲ ಬಾಳ ಅದ. ಒಳಗ ತರ್ರಿ, ತಕಲೀಫ ಏನಿಲ್ಲ," ಅಂದ.

ತನ್ನ ಕೋಣೆಯ ತೂಗುಬೀಸಣಿಗೆಯ ಕೆಳಗೆ ಚಾಪೆ ಹಾಸಿಸಿದ. ಮನೆಗೆ ಹೇಳಿ ಕಳಿಸಿ ಆಡಿನ ಹಾಲು ಕಾಸಿ ತರಿಸಿದ. ನೀಲವ್ವನಿಗೆ ಒಂದು ಹಿತ್ತಾಳೆಯ ತಂಬಿಗೆಯಲ್ಲಿ ನೀರು ಬಂತು, ಅವಳು ಗಟಗಟ ಕುಡಿದಳು. ನನಗೂ ಬಂತು. ನನ್ನ ಗಂಟಲು ಒಣಗಿ ಹೋಗಿತ್ತು. ಆದರೂ ಬಾಯಾರಿಕೆ ಇಲ್ಲ ಎಂದೆ. ಯಾಕೆ ಹಾಗೆ ಹೇಳಿದೆ ಎಂಬುದು ಆತನಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು. ಆತ ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡು, "ಇರ್ಲಿ ಬಿಡ್ರಿ, ಮುಂದ ಬಾವಿ ಅದ," ಎಂದು ದಾರಿ ತೋರಿಸಿದ. ಕಾಸೀಮ ಮೋಟಾರಿನ ಬಳಿ ನಿಂತು ಇದನ್ನೆಲ್ಲ ನೋಡಿದ.

ಆಳಂದಕ್ಕೆ ಹೋಗುವುದೇ ಒಂದು ಸುತ್ತು. ಅಲ್ಲಿ ಶಂಕ್ರಪ್ಪ ಎಂಬ ನನ್ನ ಕಾಲೇಜಿನ ಗೆಳೆಯನ ಮನೆಯಿತ್ತು. ಅವನು ನಿಜಾಮನ ಕಚೇರಿಯಲ್ಲಿ ಒಳ್ಳೆಯ ನೌಕರಿ ಹಿಡಿದಿದ್ದ. ಹಾಸ್ಟೆಲಿನಲ್ಲಿ ನನ್ನ ಹರಿದ ಕೋಟು ನೋಡಿ ನಕ್ಕವನು. ಅವನಿಗೆ ಮೋಟಾರು ತೋರಿಸದಿದ್ದರೆ ಈ ಪ್ರಯಾಣವೇ ದಂಡ ಎಂದು ನನಗೆ ಅನಿಸಿತ್ತು. ಅಷ್ಟು ಆಸೆಯಿಂದ ಹೋದರೆ ಅವನು ಮನೆಯಲ್ಲೇ ಇರಲಿಲ್ಲ, ಕಚೇರಿಯ ಕೆಲಸದ ಮೇಲೆ ಅಫಜಲಪುರದಲ್ಲಿದ್ದ. ಅವನ ತಾಯಿ ನಮ್ಮನ್ನು ಮಕ್ಕಳಂತೆ ಕಂಡು, ಬಿಸಿ ರೊಟ್ಟಿ ಬಡಿದು ಹಾಕಿ, ರಾತ್ರಿ ಉಳಿಸಿಕೊಂಡರು.

ಮುಂಜಾನೆ ಎದ್ದು ಮೋಟಾರು ಹತ್ತುವಾಗ ನೀಲವ್ವ ಕೇಳಿದಳು, "ಇಲ್ಲಿಂದ ಗುಲಬರ್ಗಾ ಮ್ಯಾಲ ಹೋದ್ರ ಮಧ್ಯಾಹ್ನಕ್ಕ ಮನಿ ಮುಟ್ತೇವಲ್ಲ ಅಣ್ಣಾ?"

"ಅಫಜಲಪುರದ ಮ್ಯಾಲ ಹೋದ್ರೂ ಅಷ್ಟ," ಅಂದೆ. "ನಕಾಶೆ ನಾ ನೋಡೇನಿ."

ನಕಾಶೆ ನಾನು ನೋಡಿದ್ದೆ ಎಂಬುದು ಖರೆ. ಅದರಲ್ಲಿ ಅಷ್ಟೇ ಇರಲಿಲ್ಲ ಎಂಬುದೂ ಖರೆ. ಹದಿನೈದು ವರ್ಷ ಭೂಗೋಳ ಕಲಿಸಿದವನ ಮಾತನ್ನು ತಂಗಿ ನಂಬಿದಳು. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಸುಮ್ಮನೆ ಕುಳಿತಳು.

ಅಫಜಲಪುರ, ಸೋಮವಾರ ಮುಂಜಾನೆ

ಅಫಜಲಪುರದಲ್ಲಿ ಶಂಕ್ರಪ್ಪ ಇಳಿದುಕೊಂಡಿದ್ದ ಮನೆಗೆ ಬೀಗ. ಹಿಂದಿನ ದಿನವೇ ಯಾವುದೋ ಹಳ್ಳಿಗೆ ಹೋಗಿದ್ದನಂತೆ. ಎದುರು ಮನೆಯ ಬಳೆ ಮಾರುವ ಮುದುಕಿ ಬೀಗದ ಮುಂದೆ ಪೆಚ್ಚಾಗಿ ನಿಂತ ನಮ್ಮನ್ನು ನೋಡಿ ಹೊರಗೆ ಬಂದಳು. ನೀಲವ್ವನನ್ನು ಒಳಗೆ ಕರೆದು ಕೂಸಿಗೆ ಹಾಲು ಕುಡಿಸಲು ತನ್ನ ಕೋಣೆ ಬಿಟ್ಟುಕೊಟ್ಟಳು. ಕೂಸಿನ ಕೈಗೆ ಎರಡು ಪುಟ್ಟ ಕರಿ ಬಳೆ ತೊಡಿಸಿದಳು. ಅಷ್ಟು ಸಣ್ಣ ಬಳೆ ಹುಡುಕಲು ತನ್ನ ಬಳೆಯ ಮಲಾರವನ್ನೆಲ್ಲ ಬಿಚ್ಚಿ ಹರವಿದ್ದಳಂತೆ.

ಅಷ್ಟರಲ್ಲಿ ಹೊರಗೆ ನಾನು ಏನು ಮಾಡುತ್ತಿದ್ದೆ ಎಂದು ಹೇಳಬೇಕು. ಮೋಟಾರಿನ ಸುತ್ತ ಮೂವತ್ತು ನಲವತ್ತು ಜನ ಸೇರಿದ್ದರು. ನಾನು ಮುಂದಿನ ಮುಚ್ಚಳ ಎತ್ತಿಸಿ, ಬೆತ್ತದಿಂದ ತೋರಿಸುತ್ತ, ಎಂಜಿನ್ನು ಹೇಗೆ ನಡೆಯುತ್ತದೆ ಎಂದು ಪಾಠ ಹೇಳುತ್ತಿದ್ದೆ. ಅರ್ಧ ನನಗೇ ತಿಳಿಯದ್ದು. ಕೇಳುವವರಿದ್ದರೆ ನನಗೆ ಗಡಿಯಾರ ಕಾಣುವುದಿಲ್ಲ, ಅದು ನನ್ನ ಹಳೆಯ ರೋಗ. ನೀಲವ್ವ ಬಂದು ಮೋಟಾರಿನಲ್ಲಿ ಕುಳಿತು, ಎರಡು ಸಲ ಅಣ್ಣಾ ಎಂದು ಕರೆದಳು. ಮೂರನೆಯ ಸಲ ಕಾಸೀಮನೇ ಮುಚ್ಚಳ ಹಾಕಿ, "ಹೊತ್ತ ಆತ್ರಿ ಮಾಸ್ತರ," ಅಂದ. ಬಿಸಿಲು ಆಗಲೇ ಏರಿತ್ತು.

ಎರೆಯ ದಾರಿ, ಸೋಮವಾರ ನಡುಹಗಲು

ಅಫಜಲಪುರ ಬಿಟ್ಟು ಏಳೆಂಟು ಮೈಲಿ ಬಂದಿದ್ದೆವು. ಎರಡೂ ಕಡೆ ಕಪ್ಪು ಮಣ್ಣಿನ ಎರೆಹೊಲ, ನಡುವೆ ಗಾಡಿಯ ಗಾಲಿ ಕೊರೆದ ದಾರಿ. ಮೋಟಾರು ಎರಡು ಸಲ ಕೆಮ್ಮಿತು, ಒಂದು ಸಲ ಜಿಗಿಯಿತು, ನಿಂತುಬಿಟ್ಟಿತು. ಕಾಸೀಮ ಹ್ಯಾಂಡಲ್ ತಿರುವಿ ತಿರುವಿ ಬೆವರಿದ. ಆಮೇಲೆ ಹಿಂದೆ ಹೋಗಿ ಸಾಮಾನುಗಳ ನಡುವೆ ಏನನ್ನೋ ಹುಡುಕತೊಡಗಿದ.

"ಪಾನಾದ ಚೀಲ ಎಲ್ಲದ್ರಿ ಮಾಸ್ತರ?"

ನಟ್ಟು ಬಿಚ್ಚುವ ಪಾನಾಗಳ ಚೀಲ ಸೋಲಾಪುರದಲ್ಲಿತ್ತು. ನನ್ನ ಹಾಸಿಗೆಯ ಸುರುಳಿಗೆ ಜಾಗ ಸಾಲದೆ, ಎಣ್ಣೆ ಹತ್ತಿದ ಆ ಚೀಲವನ್ನು ಹೊರಡುವ ಮೊದಲು ನಾನೇ ಎತ್ತಿ ಜಗಲಿಯ ಮೇಲೆ ಇಟ್ಟಿದ್ದೆ. ಇದನ್ನು ಕಾಸೀಮನಿಗೆ ಹೇಳಿದೆ. ಅವನು, "ಪಾನಾ ಇಲ್ದ ಏನ್ ಬಿಚ್ಚಲ್ರಿ? ಒಳಗ ಏನಾಗ್ಯದ ಅಂತ ಹ್ಯಾಂಗ ನೋಡ್ಲಿ?" ಎಂದು ನೆಲದ ಮೇಲೆ ಕುಳಿತ.

ಹೊಲದಲ್ಲಿ ಜೋಳ ಕೀಳುತ್ತಿದ್ದ ಜನ ಕೆಲಸ ಬಿಟ್ಟು ಬಂದರು. ಗಂಡಸರು ಹತ್ತು ಹನ್ನೆರಡು, ಹೆಂಗಸರು ಐದಾರು. ಮೊದಲು ಬಂದದ್ದು ನೀರಿನ ಕೊಡ. ಆಮೇಲೆ ಒಬ್ಬಳು ನೀಲವ್ವನನ್ನು ಬೇವಿನ ಮರದ ನೆರಳಿಗೆ ಕರೆದೊಯ್ದು ಕೂಸಿಗೆ ಸೆರಗಿನಿಂದ ಗಾಳಿ ಹಾಕುತ್ತ ಕುಳಿತಳು. ಅವರಲ್ಲಿ ಹಿರಿಯ, ಸಿದ್ರಾಮಪ್ಪ ಎಂಬವನು, ತಲೆಯ ರುಮಾಲು ಸರಿಮಾಡಿಕೊಂಡು ಕೇಳಿದ.

"ಎಲ್ಲಿಗಿ ಹೊಂಟಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಮರದ ಕೆಳಗಿನಿಂದ ಹೇಳಿದಳು. "ಜೇವರ್ಗಿಗ್ರಿ ಯಪ್ಪಾ. ನಮ್ಮತ್ತಿಗಿ ಈ ಕೂಸಿನ ಮಾರಿ ತೋರಸಬೇಕು. ಇದನ್ನ ನೋಡಾಕಂತ ಜೀವ ಹಿಡಕೊಂಡ ಕುಂತಾಳ್ರಿ."

ಸಿದ್ರಾಮಪ್ಪ ಕೂಸನ್ನು ನೋಡಿದ, ಹೊತ್ತನ್ನು ನೋಡಿದ. "ಹೊಳಿ ದಂಡಿಗಿ ಸರಕಾರದ ಲಾರಿ ನಿಂತದ್ರಿ. ಅದರ ಕೂಡ ಒಬ್ಬ ಮಿಸ್ತ್ರಿ ಅದಾನ. ಅಂವಾ ಲಾರಿ ಬಿಟ್ಟು ಬರಂಗಿಲ್ಲ, ಬಂದ್ರ ನೌಕರಿ ಹೋಗ್ತದ. ನಿಮ್ಮ ಮೋಟಾರ ಅವನ ಮುಂದ ಒಯ್ದು ನಿಂದ್ರಿಸಿದ್ರ ಆಗ್ತದ. ಒಂದ ಹರದಾರಿ."

ಒಂದು ಹರದಾರಿ ಎಂದರೆ ಮೂರು ಮೈಲಿ. ಹೊಲದ ಬದುವಿನ ಮೇಲೆ ನಾಲ್ಕು ಜೋಡಿ ಎತ್ತು ನಿಂತಿದ್ದವು. ಮೈ ತೊಳೆದಿತ್ತು, ಹಣೆಗೆ ವಿಭೂತಿ ಹಚ್ಚಿತ್ತು, ಮುಂದೆ ಹಸಿ ಮೇವು ಬಿದ್ದಿತ್ತು. ನನ್ನ ಮನಸ್ಸು ಹಗುರಾಯಿತು.

"ಹಂಗಾದ್ರ ಎರಡು ಜೋಡಿ ಎತ್ತು ಹೂಡ್ರಿ," ಅಂದೆ.

"ಇವತ್ತ ಎತ್ತ ಆಗಂಗಿಲ್ರಿ."

"ಯಾಕ ಆಗಂಗಿಲ್ಲ? ಸುಮ್ಮನ ನಿಂತಾವಲ್ಲ."

"ನಿಂತಾವ್ರಿ. ಇವತ್ತ ಆಗಂಗಿಲ್ಲ."

ಆತ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳಬೇಕಾದದ್ದು ಏನಾದರೂ ಇದೆ ಎಂದು ಆತನಿಗೆ ಅನಿಸಿರಲಿಕ್ಕೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಆಡಿದ್ದನ್ನೆಲ್ಲ ಇಲ್ಲಿ ಬರೆಯಲು ಕೈ ಬರುವುದಿಲ್ಲ, ಆದರೂ ಸ್ವಲ್ಪ ಬರೆಯಲೇಬೇಕು. ನಮ್ಮ ಬ್ರಿಟಿಷ್ ಸೀಮೆಯಲ್ಲಾಗಿದ್ದರೆ ಊರಿಗೆ ಊರೇ ಎತ್ತು ತಂದು ನಿಲ್ಲಿಸುತ್ತಿತ್ತು ಎಂದೆ. ಒಂದು ಎಳೆಗೂಸು, ಸಾಯುವ ಮುದುಕಿ, ಇಷ್ಟು ಹೇಳಿದರೂ ಎತ್ತಿಗೆ ದಣಿವಾದೀತು ಎಂದು ಲೆಕ್ಕ ಹಾಕುವ ಜನ ನೀವು ಎಂದೆ. ನಿಮ್ಮಂಥವರಿಗೆ ನಿಜಾಮನ ರಾಜ್ಯವೇ ತಕ್ಕದ್ದು ಎಂದೂ ಅಂದೆ. ತರಗತಿಯಲ್ಲಿ ಬೈದು ಬೈದು ಬಂದ ನಾಲಗೆ, ನಿಲ್ಲಿಸುವವರಿಲ್ಲದೆ ಹರಿಯಿತು.

ಹೆಂಗಸರು ನೆಲ ನೋಡಿದರು. ಸಿದ್ರಾಮಪ್ಪ ಪಕ್ಕದವನಿಗೆ, "ಸಾಹೇಬ್ರಿಗಿ ಬಿಸಲ ಬಡದದ, ನೀರ ಕೊಡು," ಅಂದ. ವ್ಯಂಗ್ಯವೇನೂ ಇರಲಿಲ್ಲ. ಆತ ನಿಜವಾಗಿಯೂ ಹಾಗೇ ತಿಳಿದುಕೊಂಡಿದ್ದ.

ನೀಲವ್ವ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಳು. ನನಗೊಬ್ಬನಿಗೇ ಕೇಳುವಂತೆ ಹೇಳಿದಳು, "ಅಣ್ಣಾ, ಇವತ್ತ ಸೋಮಾರ."

ಸೋಮವಾರ ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲಿನ ಮೇಲೆ ನೊಗ ಇಡುವುದಿಲ್ಲ. ಉಳುವುದಿಲ್ಲ, ಗಾಡಿ ಹೂಡುವುದಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮ ಅಜ್ಜ ಒಕ್ಕಲಿಗನೇ. ನನಗೆ ಎಂಟು ವರ್ಷವಿದ್ದಾಗ ಹುಣಸೆ ಮರದಿಂದ ಬಿದ್ದು ಕೈ ಮುರಿದುಕೊಂಡದ್ದು ಒಂದು ಸೋಮವಾರ. ಕೊಟ್ಟಿಗೆಯಲ್ಲಿ ಎರಡು ಜೋಡಿ ಎತ್ತು ಇದ್ದವು. ಅಜ್ಜ ನನ್ನನ್ನು ಹೆಗಲ ಮೇಲೆ ಹೊತ್ತು, ಎಲುಬು ಕಟ್ಟುವವನ ಊರಿಗೆ ನಡೆದೇ ಹೋಗಿದ್ದ. ಸೋಲಾಪುರಕ್ಕೆ ಬಂದ ಮೇಲೆ ಸೋಮವಾರ ಎಂದರೆ ನನಗೆ ಮೊದಲನೆಯ ಗಂಟೆಗೆ ಏಳನೆಯ ಇಯತ್ತೆಯ ಭೂಗೋಳ, ಅಷ್ಟೇ ಉಳಿದಿತ್ತು. ಮೋಟಾರಿನ ಮೆಟ್ಟಿಲ ಮೇಲೆ ಕುಳಿತೆ.

ಆಗಲೇ ತಪ್ಪಾಯಿತು ಎನ್ನಬಹುದಿತ್ತು. ಎರಡು ಶಬ್ದದ ಮಾತು. ಅನ್ನಲಿಲ್ಲ. ಆ ಹೊತ್ತಿಗೆ ಸಿದ್ರಾಮಪ್ಪ ತನ್ನವರ ಜೊತೆ ಏನೋ ಮಾತಾಡಿ, ಬಾವಿಯಿಂದ ನೀರೆತ್ತುವ ದಪ್ಪ ಹಗ್ಗವನ್ನೂ ಒಂದು ನೊಗವನ್ನೂ ತರಿಸಿದ್ದ. ನನಗೆ ತಿಳಿಯಲಿಲ್ಲ.

"ಎತ್ತ ಹೂಡಂಗಿಲ್ಲ ಅಂದ್ರಲ್ಲ?" ಎಂದು ಕೇಳಿದೆ. ದನಿ ತಗ್ಗಿತ್ತು.

"ಎತ್ತಿನ ಹೆಗಲ ಇವತ್ತ ಖಾಲಿ ಇರ್ಬೇಕ್ರಿ," ಅಂದ ಸಿದ್ರಾಮಪ್ಪ. "ನಮ್ಮ ಹೆಗಲಿಗಿ ಹಂತಾ ವಾರ ಏನ ಇಲ್ಲ."

ಹಗ್ಗವನ್ನು ಮೋಟಾರಿನ ಮುಂದಿನ ಕಬ್ಬಿಣಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನೊಗದ ನಡುವೆ ಕಟ್ಟಿದರು. ಬಲಕ್ಕೆ ಮೂವರು, ಎಡಕ್ಕೆ ಮೂವರು ನಿಂತರು. ರುಮಾಲು ಮಡಿಚಿ ಹೆಗಲಿಗೆ ಇಟ್ಟುಕೊಂಡು ಅದರ ಮೇಲೆ ನೊಗ ಹೊತ್ತರು. ಉಳಿದ ಗಂಡಸರು ಹಗ್ಗಕ್ಕೆ ಕೈ ಹಾಕಿದರು. ಹೆಂಗಸರು ಹಿಂದೆ ಬಂದು ಸೀರೆಯ ಕಚ್ಚೆ ಬಿಗಿದು ನಿಂತರು. ಕಾಸೀಮ ಚಕ್ರ ಹಿಡಿದು ಕುಳಿತ.

"ಯವ್ವಾ, ನೀವು ಕೂಸು ಒಳಗ ಕೂಡ್ರಿ," ಅಂದಳೊಬ್ಬಳು ನೀಲವ್ವನಿಗೆ.

"ನಾ ನಡೀತೇನಿ. ನನ್ನ ಭಾರ ಬ್ಯಾರೆ ಯಾಕ ನಿಮಗ?" ಅಂದಳು ನೀಲವ್ವ. ಕೂಸನ್ನು ನನ್ನ ಕೈಗೆ ಕೊಟ್ಟಳು. "ಬಿಸಲಾಗ ಇದನ್ನ ಹೊರಗ ತರಬ್ಯಾಡ ಅಣ್ಣಾ."

ಅವಳು ಹಿಂದೆ ಹೋಗಿ ಹೆಂಗಸರ ಸಾಲಿನಲ್ಲಿ ಮೋಟಾರಿಗೆ ಎರಡೂ ಕೈ ಕೊಟ್ಟು ನಿಂತಳು. ಬ್ಯಾಡ ಎಂದು ಅವರು ಹೇಳಿದ್ದು, ಇರಲಿ ಎಂದು ಇವಳು ಹೇಳಿದ್ದು ನನಗೆ ಕೇಳಿಸಿತು. ನಾನು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹಿಂದಿನ ಮೆತ್ತನೆಯ ಸೀಟಿನಲ್ಲಿ ಕುಳಿತೆ. ಕೂಸು ಹಿಡಿಯಲು ಒಬ್ಬರು ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೋಟಾರು ನಡೆಯಿತು. ಮೊದಲು ಇಂಚಿಂಚು, ಆಮೇಲೆ ಹೆಣದ ಮೆರವಣಿಗೆಯ ವೇಗದಲ್ಲಿ. ಎಳೆಯುವವರು ತಮ್ಮತಮ್ಮಲ್ಲೇ ಚೇಷ್ಟೆ ಮಾಡುತ್ತಿದ್ದರು. "ಎಡಕಿನ ಎತ್ತ ಬರೇ ಮೇಯೂದಕ್ಕ ಚಲೋ ಅದಲೇ," ಎಂದು ಬಲಗಡೆಯವ ಅಂದರೆ, "ಬಲಕಿಂದ ಮಾತಾಡೂದಕ್ಕ ಚಲೋ," ಎಂದು ಎಡಗಡೆಯವ. ಹಿಂದಿನಿಂದ ಹೆಂಗಸರು, ಬಾರಕೋಲು ತರಲೇನು ಎಂದು ಕೇಳಿ ನಗುತ್ತಿದ್ದರು. ಅರ್ಧ ಗಂಟೆಯ ಮುಂಚೆ ಅವರನ್ನು ಬೈದವನು ಮೋಟಾರಿನೊಳಗೆ ಕುಳಿತಿದ್ದಾನೆ ಎಂಬುದು ಅವರಿಗೆ ಮರೆತೇ ಹೋದಂತಿತ್ತು. ನೆನಪಿನಲ್ಲಿ ಇಟ್ಟುಕೊಂಡಿದ್ದರೆ ನನಗೆ ಇನ್ನೂ ಸುಲಭವಾಗುತ್ತಿತ್ತು.

ಕಾಲು ಹರದಾರಿ ಹೋಗುವುದರೊಳಗೆ ಕೂಸಿಗೆ ನಿದ್ದೆ ಬಂತು. ಪಕ್ಕದಲ್ಲಿ ನನ್ನ ಹಾಸಿಗೆಯ ಸುರುಳಿ ಇತ್ತು. ಅದನ್ನು ಬಿಚ್ಚಿ ಕೂಸನ್ನು ಮಲಗಿಸಿ ನಾನು ಇಳಿಯಬಹುದಿತ್ತು. ಇದು ನನಗೆ ಆಗಲೇ ಹೊಳೆದಿತ್ತು, ಈಗ ಕುಳಿತು ಬರೆಯುವಾಗ ಹೊಳೆದದ್ದಲ್ಲ.

ಅರ್ಧ ದಾರಿಯಲ್ಲಿ ಒಂದು ಹಳ್ಳದ ಏರು ಬಂತು. ಅಲ್ಲಿ ನೊಗ ಹೊತ್ತವರಲ್ಲಿ ಒಬ್ಬ ಕಾಲು ಹೊರಳಿ ಬಿದ್ದ. ಎದ್ದು ಕುಂಟುತ್ತ ಬದಿಗೆ ಹೋಗಿ ಕುಳಿತ. ಬಲಗಡೆ ಒಂದು ಜಾಗ ಖಾಲಿಯಾಯಿತು. ಹಗ್ಗ ಹಿಡಿದವರು ಹಗ್ಗ ಬಿಟ್ಟರೆ ಮೋಟಾರು ಹಿಂದಕ್ಕೆ ಜಾರುತ್ತದೆ. ಸಿದ್ರಾಮಪ್ಪ ನೊಗದ ಕೆಳಗಿನಿಂದಲೇ ಕತ್ತು ಹೊರಳಿಸಿ ಹಿಂದೆ ನೋಡಿದ. ನಮ್ಮಿಬ್ಬರ ಕಣ್ಣು ಸೇರಿದವು. ಕರೆಯಲಿಲ್ಲ ಆತ. ಬರುತ್ತಾನೇನೋ ಎಂದು ಮಾತ್ರ ನೋಡಿದ.

ನಾನು ಕೂಸಿನ ಮುಖ ನೋಡಿದೆ. ಅದರ ಕುಂಚಿಗೆಯನ್ನು ಸರಿಮಾಡಿದೆ. ಸರಿಯಾಗಿಯೇ ಇತ್ತು ಅದು. ಮತ್ತೆ ತಲೆ ಎತ್ತುವ ಹೊತ್ತಿಗೆ ಹಿಂದಿನಿಂದ ಒಬ್ಬ ಹೆಂಗಸು, ನನ್ನ ತಾಯಿಯ ವಯಸ್ಸಿನವಳು, ಮುಂದೆ ಹೋಗಿ ಸೆರಗು ಮಡಿಚಿ ಹೆಗಲಿಗಿಟ್ಟು ಆ ಜಾಗದಲ್ಲಿ ನಿಂತಿದ್ದಳು. ಮೋಟಾರು ಏರು ಹತ್ತಿತು.

ಹೊಳೆಯ ದಂಡೆ

ಭೀಮಾ ಹೊಳೆಯಲ್ಲಿ ಆಗ ಮೊಣಕಾಲುದ್ದ ನೀರು. ದಂಡೆಯಲ್ಲಿ ಲಾರಿ ನಿಂತಿತ್ತು. ಮಿಸ್ತ್ರಿ ಇಜೇರಿಯವನಂತೆ. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, ಒಂದೇ ಒಂದು ಪಾನಾ ತೆಗೆದುಕೊಂಡು ಮೋಟಾರಿನ ಮುಂದೆ ಬಗ್ಗಿದ. ಪೆಟ್ರೋಲು ಹರಿಯುವ ನಳಿಗೆ ಬಿಚ್ಚಿದ, ಬಾಯಿಂದ ಜೋರಾಗಿ ಊದಿದ. ಹೆಸರುಕಾಳಿನಷ್ಟು ಕಸ ಹೊರಗೆ ಬಿತ್ತು. ಕಾಸೀಮ ಹ್ಯಾಂಡಲ್ ತಿರುವಿದ, ಎಂಜಿನ್ನು ಹೊತ್ತಿಕೊಂಡಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಲಿಲ್ಲ.

"ಇಷ್ಟಕ್ಕ ಎಳಕೊಂಡ ಬಂದ್ರೇನ್ರಿ?" ಎಂದು ಮಿಸ್ತ್ರಿ ನಕ್ಕ. "ಒಂದ ಪಾನಾ ಇದ್ದಿದ್ರ ಅಲ್ಲೇ ಆಗ್ತಿತ್ತಲ್ಲ."

ಕಾಸೀಮ ನನ್ನ ಕಡೆ ನೋಡಲಿಲ್ಲ. "ಚೀಲ ಮರತ ಬಂದಿದ್ವಿ," ಅಂದ. ಮರೆತವನು ಅವನಲ್ಲ, ಆದರೂ ತನ್ನನ್ನೂ ಸೇರಿಸಿಕೊಂಡು ಹೇಳಿದ.

ಎಳೆದು ತಂದವರು ನೀರಿಗಿಳಿದು ಮುಖ ತೊಳೆದುಕೊಳ್ಳುತ್ತಿದ್ದರು. ಹೆಗಲಿನ ಮೇಲೆ ನೊಗ ಒತ್ತಿದಲ್ಲಿ ಕೆಂಪಗೆ ಬಾಸುಂಡೆ ಎದ್ದಿತ್ತು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಸಿದ್ರಾಮಪ್ಪ ಅದನ್ನು ಕಂಡು, "ಮೊದಲ ಕೂಸ ಮುಟ್ಟಸ್ರಿ ಸಾಹೇಬ್ರ," ಎಂದು ಬೇರೆ ಕಡೆ ತಿರುಗಿದ. ಆಮೇಲೆ ನೀಲವ್ವನಿಗೆ, "ಕೊಳಕೂರ ಕೇಳಕೋತ ಹೋಗ್ರಿ ಯವ್ವಾ, ಅಲ್ಲಿಂದ ಜೇವರ್ಗಿ ಸೀದಾ," ಅಂದ. ಅವಳು ಬಗ್ಗಿ ಅವನ ಕಾಲು ಮುಟ್ಟಿದಳು. ನನಗಾಗಿ ಬಾಗಿಲು ತೆರೆದು ನಿಂತಿತ್ತು, ನಾನು ಹತ್ತಿ ಕುಳಿತೆ.

ಲಾರಿಗೆಂದು ಹೊಳೆಯಲ್ಲಿ ಕಲ್ಲು ಹಾಸಿ ಮಾಡಿದ್ದ ದಾರಿಯ ಮೇಲೆ ಮೋಟಾರು ಆಚೆ ದಾಟಿತು. ತಿರುಗಿ ನೋಡಿದರೆ ಅವರು ಹಗ್ಗ ಸುತ್ತಿ, ನೊಗವನ್ನು ಇಬ್ಬರು ಹಿಡಿದುಕೊಂಡು ವಾಪಸ್ಸು ಹೊರಟಿದ್ದರು. ಮತ್ತೆ ಮೂರು ಮೈಲಿ ನಡೆಯಬೇಕು, ಹೋಗಿ ಜೋಳ ಕೀಳಬೇಕು. ಅದು ಯಾವ ಊರು ಎಂದು ಓದುವವರು ಕೇಳಬಹುದು. ನಾನು ಕೇಳಿಕೊಳ್ಳಲಿಲ್ಲ. ವಿಂಧ್ಯ ಸಾತ್ಪುಡಾಗಳಲ್ಲಿ ಹುಟ್ಟುವ ನದಿಗಳನ್ನೆಲ್ಲ ಬಾಯಿಪಾಠ ಹೇಳುವ ನನಗೆ ಆ ಊರಿನ ಹೆಸರು ಗೊತ್ತಿಲ್ಲ.

ಜೇವರ್ಗಿ

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಮಲ್ಲಣ್ಣ ಬಾಗಿಲಲ್ಲೇ ನಿಂತಿದ್ದ. ಮೋಟಾರನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. "ಇನ್ನೂ ಅದಾಳ. ಜಲ್ದಿ ಒಳಗ ಬರ್ರಿ," ಅಂದ.

ಅವನ ತಾಯಿ ಗೌರವ್ವ ಪಡಸಾಲೆಯಲ್ಲಿ ಕಂಬಕ್ಕೆ ಒರಗಿಸಿದ ದಿಂಬಿನ ಮೇಲೆ ಮಲಗಿದ್ದಳು. ಎಲುಬು ತೊಗಲು ಬಿಟ್ಟು ಮೈಯಲ್ಲಿ ಏನೂ ಉಳಿದಿರಲಿಲ್ಲ. ನೀಲವ್ವ ಕೂಸನ್ನು ಆಕೆಯ ಎದೆಯ ಮೇಲೆ ಮಲಗಿಸಿದಳು. ಮುದುಕಿ ಕಣ್ಣು ತೆರೆದು ಬಹಳ ಹೊತ್ತು ನೋಡಿದಳು. ಕೂಸಿನ ಮೂಗು, ಕಿವಿ, ಹುಬ್ಬು ಎಲ್ಲವನ್ನೂ ಬೆರಳಿನಿಂದ ಮುಟ್ಟಿದಳು. "ನಮ್ಮವ್ವನ ಹುಬ್ಬು," ಅಂದಳು. ಕೂಸು ಆಕೆಯ ಬೆರಳು ಹಿಡಿದುಕೊಂಡಿತು. ಮಲ್ಲಣ್ಣ ಗೋಡೆಯ ಕಡೆ ಮುಖ ಮಾಡಿ ಅತ್ತ. ಅಂತೂ ಮುಟ್ಟಿದೆವಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ದಾರಿಯಲ್ಲಿ ಆದದ್ದೆಲ್ಲ ಅಳಿಸಿಹೋಯಿತು ಎಂದೇ ತಿಳಿದೆ.

ಸ್ವಲ್ಪ ಹೊತ್ತಾದ ಮೇಲೆ ಗೌರವ್ವ ಕೇಳಿದಳು, "ಯಾಕ ಇಷ್ಟ ತಡಾ ಆತ?"

"ಮೋಟಾರ ಕೆಟ್ಟಿತ್ರಿ ಅತ್ತಿ," ಅಂದಳು ನೀಲವ್ವ. "ಹೊಳಿ ದಂಡಿ ತನಕಾ ಹೊಲದ ಮಂದಿ ಎಳಕೊಂಡ ಬಂದ್ರು."

"ಎತ್ತ ಹೂಡಿದ್ರೇನ? ಇವತ್ತ ಸೋಮಾರ."

"ಇಲ್ರಿ. ನೊಗಕ್ಕ ತಾವ ಹೆಗಲ ಕೊಟ್ರು."

ಮುದುಕಿ ಕಣ್ಣು ಮುಚ್ಚಿ ಕೈ ಜೋಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಎಂಥ ಅಕ್ಕರೆ ಇತ್ತೆಂದರೆ ನನಗೆ ಆಕೆ ಏನು ಕೇಳಲಿದ್ದಾಳೆ ಎಂಬುದು ಹೊಳೆಯಲೇ ಇಲ್ಲ.

"ನೀ ಯಾ ಕಡೆ ಇದ್ದಿ ಯಪ್ಪಾ? ಎಡಕೋ, ಬಲಕೋ?"

ನಾನು ನೊಗಕ್ಕೆ ಹೆಗಲು ಕೊಟ್ಟೆನೋ ಇಲ್ಲವೋ ಎಂದು ಆಕೆ ಕೇಳಲಿಲ್ಲ. ಗಟ್ಟಿಮುಟ್ಟಾದ ಗಂಡಸು, ತಂಗಿಗಾಗಿ, ತಂಗಿಯ ಕೂಸಿಗಾಗಿ ಊರವರು ನೊಗ ಹೊತ್ತಿರುವಾಗ ಒಳಗೆ ಕುಳಿತಿರಬಹುದು ಎಂಬುದು ಆಕೆಯ ತಲೆಯಲ್ಲೇ ಬರುವಂತಿರಲಿಲ್ಲ. ಮಲ್ಲಣ್ಣ ನನ್ನನ್ನು ನೋಡಿದ. ಕಂಬದ ಹತ್ತಿರ ನಿಂತಿದ್ದ ನೀಲವ್ವ ನನ್ನನ್ನು ನೋಡಿದಳು.

"ಬಲಕ್ರಿ," ಅಂದೆ.

"ಬಲಕ ಭಾರ ಬಾಳ ಬೀಳ್ತದ," ಅಂದಳು ಮುದುಕಿ. "ನೀಲಾ, ಕುಸುಬಿ ಎಣ್ಣಿ ಕಾಸಿಕೊಂಡ ಬಾ. ಅಣ್ಣನ ಹೆಗಲಿಗಿ ಹಚ್ಚು. ಅಂವಾ ಬರದು ಓದಿ ಉಣ್ಣಾಂವ, ರೂಢಿ ಇಲ್ಲ. ನಾಳಿಗಿ ಕೈ ಎತ್ತಾಕ ಬರಂಗಿಲ್ಲ."

ಬ್ಯಾಡ ಎಂದೆ. ಆಕೆ ಕೇಳಲಿಲ್ಲ. ನನ್ನನ್ನು ತನ್ನ ಕಣ್ಣೆದುರಿಗೇ ಕೂರಿಸಿಕೊಂಡಳು. ನೀಲವ್ವ ಸಣ್ಣ ಬಟ್ಟಲಿನಲ್ಲಿ ಎಣ್ಣೆ ತಂದು ನನ್ನ ಹಿಂದೆ ಕುಳಿತಳು. ದಾರಿಯಲ್ಲಿ ಆದದ್ದರ ಬಗ್ಗೆ ಅವಳು ಅಂದು ಮಾತಾಡಲಿಲ್ಲ, ಆಮೇಲೂ ಎಂದೂ ಮಾತಾಡಲಿಲ್ಲ. "ಅಂಗಿ ತಗಿ ಅಣ್ಣಾ," ಅಂದಳು ಅಷ್ಟೇ.

ಬಲಗಡೆಯ ಹೆಗಲಿಗೆ ಬೆಚ್ಚಗಿನ ಎಣ್ಣೆ ಬಿತ್ತು. ನನ್ನ ಹೆಗಲಿನ ಮೇಲೆ ಒಂದು ಗೆರೆಯೂ ಇರಲಿಲ್ಲ, ಅದು ಅವಳಿಗೆ ಕಾಣುತ್ತಿತ್ತು. ಅವಳು ಉಜ್ಜತೊಡಗಿದಾಗ ಏನೋ ತರಿತರಿಯಾಗಿ ತಾಗಿತು. ತಿರುಗಿ ನೋಡಿದೆ. ಮೂರು ಮೈಲಿ ಕಾದ ತಗಡನ್ನು ನೂಕಿದ ಅವಳ ಎರಡೂ ಅಂಗೈಯಲ್ಲಿ ಗುಳ್ಳೆಗಳು ಎದ್ದು, ಒಂದೆರಡು ಒಡೆದು ಹೋಗಿದ್ದವು. ಅದೇ ಕೈಯಿಂದ, ಅತ್ತೆ ಸಾಕು ಎನ್ನುವವರೆಗೂ, ಅವಳು ನನ್ನ ಹೆಗಲು ತಿಕ್ಕಿದಳು.

ಗೌರವ್ವ ಇನ್ನು ಎರಡು ದಿನ ಇದ್ದಳು. ನಿಜ ಹೇಳಲು ನನಗೆ ಎರಡು ದಿನ ಪೂರ್ತಿ ಸಿಕ್ಕವು. ಮಂಗಳವಾರ ಮುಂಜಾನೆ ಆಕೆ ಕೇಳಿದಳು, ಹೆಗಲ ಹ್ಯಾಂಗದ ಯಪ್ಪಾ ಎಂದು. ಕಡಿಮೆ ಆಗ್ಯದ್ರಿ ಎಂದೆ. ಮತ್ತೆ ಎಣ್ಣೆ ಹಚ್ಚಿಸಿದಳು. ಬುಧವಾರ ಆಕೆಗೆ ಮಾತು ಕಷ್ಟವಾಗಿತ್ತು. ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು. ನನ್ನನ್ನು ಕೈ ಸನ್ನೆ ಮಾಡಿ ಹತ್ತಿರ ಕರೆದಳು. ನಾನು ಬಗ್ಗಿದೆ. ಬತ್ತಿದ ಕೈಯನ್ನು ಮೆಲ್ಲಗೆ ಎತ್ತಿ, ನೋವಾದೀತೆಂದು ಒತ್ತದೆ, ನನ್ನ ಬಲ ಹೆಗಲಿನ ಮೇಲೆ ಇಟ್ಟಳು.

"ಇನ್ನಾ ನೋಯ್ತದೇನ?"

"ಇಲ್ರಿ," ಅಂದೆ. "ಒಂದಿಷ್ಟೂ ನೋವಿಲ್ಲ."

ಆಕೆಗೆ ಸಮಾಧಾನವಾಯಿತು. ಆಮೇಲೆ ಆಕೆ ಯಾರ ಜೊತೆಗೂ ಮಾತಾಡಲಿಲ್ಲ.